ಹತ್ತು ಕೋಟಿ ಒಂದನ್ನು ಒಡೆದವರು ಯಾರು?

ತೆಫ್ ಧಾನ್ಯದ ಹಿಟ್ಟು ಮಾರುವ ಸೆದಾಲೆ ಹಾಸ್ಟೆಲಿನ ಅಡುಗೆಮನೆಗೆ ನುಗ್ಗಿದಾಗ ನಾನು ಅದೇ ಹಿಟ್ಟಿನ ದೋಸೆ, ಇಂಜೆರಾ, ಹುಯ್ಯುತ್ತಿದ್ದೆ. ವಾರ್ಡನ್ ಅಸ್ನಾಕೆಚ್ ಅಮ್ಮ ಕಾಫಿ ಹೀರುತ್ತಿದ್ದರು. ದೆಬ್ರೆ ಮಾರ್ಕೋಸ್‌ನ ನಮ್ಮ ಕಾಲೇಜಿನಲ್ಲಿ ಏನೇ ಕಳುವಾದರೂ ಜನ ಓಡಿಬರುತ್ತಿದ್ದುದು ಅವರ ಬಳಿಗೇ.

"ಉತ್ತರದ ಪೆಟ್ಟಿಗೇಲಿ ನನ್ನ ಹಾಳೆನೇ ಇಲ್ವಂತೆ, ಕದ್ರಮ್ಮಾ! ಸೀಟು ಹೋಯ್ತು!"

ಶಿಕ್ಷಕರ ತರಬೇತಿಗೆ ಉಳಿದಿದ್ದುದು ಒಂದೇ ಸೀಟು. 100000001 ಅನ್ನು, ಒಂದನ್ನು ಬಳಸದೆ, ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಡೆದವರಿಗೆ ಅದು ಎಂದು ಪ್ರಾಂಶುಪಾಲರು ಸಾರಿದ್ದರು. ಉತ್ತರದ ಪೆಟ್ಟಿಗೆಯ ಬೀಗದಕೈ ಗುಮಾಸ್ತ ಜೆವ್ದುವಿನ ಬಳಿ ಇತ್ತು. ಹಾಳೆಗಳನ್ನು ಜೋಡಿಸಲು ಅವನಿಗೆ ನೆರವಾದವನು ರಾಜಧಾನಿಯಲ್ಲಿ ಓದಿಬಂದ ಸ್ಪರ್ಧಿ ಮೆಕುರಿಯಾ.

"ಹಿಟ್ಟು ಮಾರೋಳಿಗೆ ಗಣಿತ ಬೇರೆ ಕೇಡು ಅಂತ ಜೆವ್ದು ನಕ್ಕಿದ್ದ. ಅವನದೇ ಕೆಲಸ" ಎಂದೆ ನಾನು.

"ನೀನು ಇಂಜೆರಾ ನೋಡ್ಕೋ, ಸೀಯ್ತಾ ಇದೆ" ಎಂದರು ಅಮ್ಮ. "ಹೆಂಗೆ ಲೆಕ್ಕ ಹಾಕಿದ್ದೆ, ಬರಿ ತಂಗೀ."

ಸೆದಾಲೆ ಹರಡಿದ ಹಿಟ್ಟಿನ ಮೇಲೆ ಬೆರಳಾಡಿಸಿದಳು. ಎಡಕ್ಕೆ 17, 8, 4, 2, 1: ಪ್ರತಿ ಸಾಲಿನಲ್ಲೂ ಅರ್ಧ, ಮಿಕ್ಕಿದ ಒಂದನ್ನು ಬಿಟ್ಟು. ಬಲಕ್ಕೆ 5882353, ಅದರ ಕೆಳಗೆ ದುಪ್ಪಟ್ಟು, ಮತ್ತೆ ದುಪ್ಪಟ್ಟು. ಎಡದಲ್ಲಿ ಸಮ ಸಂಖ್ಯೆಯಿರುವ ಮೂರು ಸಾಲಿಗೆ ಗೀಟೆಳೆದು, ಉಳಿದೆರಡು ಸಾಲಿನ ಬಲಗಡೆಯ ಸಂಖ್ಯೆಗಳನ್ನು ಕೂಡಿದಳು: 100000001. ಸಂತೆಯಲ್ಲಿ ನಾವೆಲ್ಲ ಗುಣಿಸುವುದು ಹೀಗೇ.

ಸಂಜೆ ಊಟದ ಕೋಣೆಯಲ್ಲಿ ಎಲ್ಲರೂ ಸೇರಿದರು. ಪ್ರಾಂಶುಪಾಲರು ಮೆಕುರಿಯಾನ ಹಾಳೆ ಎತ್ತಿ ಹಿಡಿದರು. "ಸರಿಯುತ್ತರ ಇದೊಂದೇ. ಎರಡೇ ಸಾಲು! ಎಂಥ ಅಚ್ಚುಕಟ್ಟು!"

17 — 5882353
1 — 94117648

"ಮೇಲಿನ ಸಾಲು ಗೊತ್ತಾಯ್ತು. ಕೆಳಗಿನದೇನಪ್ಪಾ?" ಅಮ್ಮ ಕೇಳಿದರು.

ಮೆಕುರಿಯಾ ತುಟಿ ಕೊಂಕಿಸಿದ. "ಅಡುಗೆಮನೆಯವರಿಗೆ ಹೇಗೆ ಹೇಳಲಿ? ಅದು ಆ ಸಂಖ್ಯೆಯ ಹದಿನಾರು ಪಟ್ಟು. ಒಂದು ಪಟ್ಟು ಸೇರಿದರೆ ಹದಿನೇಳು."

"ಭೇಷ್. ಹದಿನಾರು ಪಟ್ಟಿನ ಪಕ್ಕ ಒಂದು ಅಂತ ಯಾಕೆ ಬರೆದೆ? ಒಂದು ಪಟ್ಟಿನ ಪಕ್ಕ ಹದಿನೇಳು ಯಾಕೆ?"

ಮೆಕುರಿಯಾ ಕತ್ತು ಚಾಚಿ ತನ್ನ ಹಾಳೆಯನ್ನೇ ನೋಡಿದ.

"ನಾನು ಹೇಳ್ತೀನಿ" ಎಂದರು ಅಮ್ಮ. "ಹದಿನೇಳನ್ನ ಅರ್ಧ ಮಾಡ್ತಾ ಹೋದ್ರೆ ಕೊನೆಗೆ ಒಂದು ಬರುತ್ತೆ. ನಡುವೆ ಇನ್ನೂ ಮೂರು ಸಾಲಿತ್ತು, ಗೀಟು ಹಾಕಿದ್ದು. ಪಾಪ, ಹಿಟ್ಟಿನವಳು ತಪ್ಪು ಮಾಡಿ ಹೊಡೆದುಹಾಕಿದಾಳೆ ಅಂತ ನೀನು ಅಂದ್ಕೊಂಡೆ. ನಕಲು ಮಾಡುವಾಗ ಬಿಟ್ಟೆ. ಜೆವ್ದುಗೆ ನಗೋದು ಮಾತ್ರ ಗೊತ್ತು, ಅವನು ಸ್ಪರ್ಧೆಗೇ ನಿಂತಿಲ್ಲ. ಈ ಲೆಕ್ಕ ನಮ್ಮೂರ ಕತ್ತೆ ಹೊಡೆಯೋರಿಗೂ ಬರುತ್ತೆ ಕಣಯ್ಯಾ. ಕದಿಯೋದಕ್ಕೂ ಒಂಚೂರು ಕಲಿತಿರಬೇಕು."

ಸೇರಿದವರೆಲ್ಲ ಗೊಳ್ಳೆಂದು ನಕ್ಕರು. ಮೆಕುರಿಯಾ ಜೇಬಿನಿಂದ ಮುದುರಿದ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಐದೂ ಸಾಲು ಅದರಲ್ಲಿದ್ದವು.

ಪ್ರಾಂಶುಪಾಲರು ಕೆಮ್ಮಿದರು. "ಸೀಟು ನಿನ್ನದಮ್ಮ ಸೆದಾಲೆ. ಆದರೆ... ಹದಿನೇಳೇ ಅಂತ ಹೇಗೆ ಹೊಳೆಯಿತು?"

"ಹೊಳೀಲಿಲ್ಲ ಸ್ವಾಮಿ. ಮೂರು, ಏಳು, ಹನ್ನೊಂದು, ಹದಿಮೂರು ಎಲ್ಲಾದ್ರಿಂದ್ಲೂ ಭಾಗಿಸಿ ಸೋತೆ, ಆಮೇಲೆ ಹದಿನೇಳಕ್ಕೆ ಸಿಕ್ತು. ನೀವು ಎಲ್ಲಿವರೆಗೆ ನೋಡಿದ್ರಿ?"

ಪ್ರಾಂಶುಪಾಲರು ಅವಸರದಿಂದ ದಾಖಲಾತಿಯ ಅರ್ಜಿ ತರಲು ಜೆವ್ದುವನ್ನು ಕಳಿಸಿದರು.