ಎರಡನೇ ರಾತ್ರಿಯ ಉಸಿರು

ಹೆಂಡತಿಯ ಬಾಯಿಗೊಂದು ಬೀಗವಿದ್ದಿದ್ದರೆ ಬಾಲಪ್ಪ ಈ ಮೋಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಅವನು ಓಡಿಸುವ ಗಂಗಾವತಿ–ಕುಷ್ಟಗಿ ಬಸ್ಸಿನ ಮಾಲೀಕ ಶಫೀಸಾಬ. ಅವರ ಮಗಳ ಮದುವೆಯಲ್ಲಿ, ಊಟದ ಪಂಕ್ತಿಯಲ್ಲೇ ಹುಲಗಮ್ಮ, "ನಮ್ಮನಿಯವ್ರ ಗೊರಕಿ ಅಂದ್ರ ರೈಸ್‌ಮಿಲ್ಲ ನೋಡ್ರಿ" ಎಂದು ಕಿಸಿಕಿಸಿ ನಕ್ಕಳು. ಶಫೀಸಾಬ ನಗಲಿಲ್ಲ.

"ಬಾಲಪ್ಪ, ಗೊರಕಿ ಹೊಡದು ರಾತ್ರಿ ಉಸಿರು ಕಟ್ಟೋರು ಹಗಲಿ ಸ್ಟೇರಿಂಗ್ ಮ್ಯಾಲ ತೂಕಡಿಸ್ತಾರಂತ. ಪರೀಕ್ಷಾ ಮಾಡಿಸ್ಕೊ. ಛಲೋ ಬಂದ್ರ ಬಸ್ ಓಡಿಸು, ಇಲ್ಲಂದ್ರ ಬಸ್ ತೊಳಿ."

ಸ್ಟೇರಿಂಗ್ ಹಿಡಿದ ಕೈಗೆ ಪೊರಕೆಯೇ? ಥೂ!

ಗಂಗಾವತಿಯ ಡಾಕ್ಟರು ಯಂತ್ರವನ್ನು ಮನೆಗೇ ಕೊಟ್ಟರು. ಎದೆಗೊಂದು ಪಟ್ಟಿ, ಮೂಗಿಗೆ ನಳಿಗೆ, ಬೆರಳಿಗೆ ಕ್ಲಿಪ್ಪು. "ಎರಡು ರಾತ್ರಿ ಹಾಕ್ಕೋರಿ. ಒಂದ್ ರಾತ್ರಿ ಇದ್ದಂಗ ಇನ್ನೊಂದು ಇರಂಗಿಲ್ಲ." ಈ ಮಾತು ಬಾಲಪ್ಪನಿಗೆ ಬೆಲ್ಲದಷ್ಟು ಸಿಹಿಯಾಯಿತು. ಮೊದಲ ರಾತ್ರಿ ಆಸ್ಪತ್ರೆಯವನೇ ಬಂದು ಕಟ್ಟಿ ಹೋಗುತ್ತಾನೆ, ತಪ್ಪಿಸಿಕೊಳ್ಳುವಂತಿಲ್ಲ. ಅದು ಹಾಳಾಗಿ ಹೋಗಲಿ, ನೆಗಡಿಯಿತ್ತು ಎಂದರಾಯಿತು. ಎರಡನೇ ರಾತ್ರಿ ಮಾತ್ರ ಯಂತ್ರ ಹುಲಗಮ್ಮನ ಮೈಮೇಲೆ. ತಾನು ಮಲಗಿದ್ದು ಸೊಳ್ಳೆಗೂ ಗೊತ್ತಾಗುವುದಿಲ್ಲ ಎಂದು ಅವಳೇ ಸಾವಿರ ಸಲ ಹೇಳಿದ್ದಳು.

"ನಿಮ್ಮ ಗೊರಕಿ ಪಾಪ ನನಗ್ಯಾಕ್ರಿ?"

"ನೀ ಹಚ್ಚಿದ ಬೆಂಕಿ, ನೀನ ಆರಿಸು."

ಎರಡನೇ ರಾತ್ರಿ ಅವಳ ಎದೆಗೆ ಪಟ್ಟಿ ಬಿಗಿದ. ನಳಿಗೆ ಸಿಕ್ಕಿಸಿದ. ಪೊಲೀಸರಿಗೂ ಇಷ್ಟು ಬುದ್ಧಿ ಇರಲಿಕ್ಕಿಲ್ಲ ಎಂದುಕೊಂಡು, ಎಂದಿನಂತೆ ತಲೆ ದಿಂಬಿಗೆ ತಾಗಿದ್ದೇ ನಿದ್ದೆ ಹೋದ.

ವರದಿ ಕೇಳಲು ಹುಲಗಮ್ಮನನ್ನೂ ಕರೆದುಕೊಂಡು ಹೋಗಿ, ಅವಳನ್ನು ಹೊರಗೆ ಕೂರಿಸಿ ಒಳಗೆ ನಡೆದ. ಡಾಕ್ಟರು ಬಾಯಿ ತೆರೆಯುವ ಮೊದಲೇ ತನ್ನ ಪಾಠ ಒಪ್ಪಿಸಿದ: "ಮೊದಲ್ನೇ ರಾತ್ರಿ ಭಾಳ ನೆಗಡಿ ಇತ್ರಿ ಸಾಹೇಬ್ರ. ಅದನ್ನ ಬಿಟ್ಟುಬಿಡ್ರಿ. ಎರಡನೇದ್ದ ಖರೇ ನಿದ್ದಿ."

"ನೆಗಡಿ ಒಳಗ ಕೂಸು ಮಲಗಿದಂಗ ಮಲಗೀರಲ್ರಿ! ಎರಡನೇ ರಾತ್ರಿ ನೋಡ್ರಿ, ಉಸಿರು ನಿಂತ್ ನಿಂತ್ ಬಂದೈತಿ. ಅದ ಖರೇ ಅಂತ ನೀವ ಹೇಳ್ತೀರಿ. ಬಸ್ ತುಂಬ ಮಂದಿ ಇರ್ತಾರ. ಸದ್ಯಕ್ಕ ಸ್ಟೇರಿಂಗ್ ಮುಟ್ಟಬ್ಯಾಡ್ರಿ."

ಯಂತ್ರ ಕಟ್ಟಿಕೊಂಡವಳು ಹೆಂಡತಿ ಎಂದರೆ ಮೋಸಗಾರ, ಸುಮ್ಮನಿದ್ದರೆ ರೋಗಿ. ಬಾಲಪ್ಪ ಎರಡರಲ್ಲಿ ಯಾವುದಾಗಲಿ ಎಂದು ಲೆಕ್ಕ ಹಾಕುತ್ತಿದ್ದಾಗ ಹೊರಗಿನಿಂದ ರೈಸ್‌ಮಿಲ್ ಚಾಲೂ ಆದ ಸದ್ದು ಬಂತು. ಇಣುಕಿದ. ಹುಲಗಮ್ಮ ಗೋಡೆಗೊರಗಿ ಗಾಢ ನಿದ್ದೆಯಲ್ಲಿದ್ದಳು. ಗೊರಕೆ ಒಮ್ಮೆ ನಿಂತಿತು, ಮತ್ತೆ ಸಿಡಿಯಿತು. ಆ ಸದ್ದಿಗೆ ತಾನೇ ಬೆಚ್ಚಿ, ಕಣ್ಣು ಮುಚ್ಚಿಕೊಂಡೇ, ಪಕ್ಕದಲ್ಲಿ ಎಚ್ಚರವಾಗಿ ಕೂತಿದ್ದ ಮುದುಕನಿಗೆ ಮೊಣಕೈಯಿಂದ ತಿವಿದಳು: "ಎಷ್ಟ್ ಗೊರಕಿ ಹೊಡಿತೀರ್ರೀ!" ಇಷ್ಟು ವರ್ಷದ ಸಂಸಾರದಲ್ಲಿ ಬಾಲಪ್ಪ ಒಂದೇ ಒಂದು ರಾತ್ರಿಯೂ ಅವಳಿಗಿಂತ ತಡವಾಗಿ ನಿದ್ದೆ ಹೋಗಿರಲಿಲ್ಲ.