ಬಡಾವಣೆಗಿದ್ದದ್ದು ಒಂದೇ ಬಾವಿ

ಮುದುಕ ತನ್ನದೇ ಬಾವಿಯ ಪಕ್ಕದ ಪಾಚಿಗಟ್ಟಿದ ಕಲ್ಲುತೊಟ್ಟಿಯಲ್ಲಿ ಬೋರಲಾಗಿ ಬಿದ್ದಿದ್ದ. ಬೆಳಗಿನ ತಿಂಡಿ ತಂದ ಮಗಳು ಮೊದಲು ನೋಡಿದಳು. ಇನ್‌ಸ್ಪೆಕ್ಟರಮ್ಮ ಬಂದಾಗಲೂ ಡಬ್ಬಿ ಅವಳ ಕೈಯಲ್ಲೇ ಇತ್ತು. ಹೆಣದ ಕುತ್ತಿಗೆಯ ಹಿಂದೆ ಬೆರಳ ಗುರುತು. ಯಾರೋ ನೀರಿನಲ್ಲಿ ಅದುಮಿ ಹಿಡಿದಿದ್ದರು. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ಸುತ್ತ ಹೊಸ ಬಡಾವಣೆ. ನಗರ ತನ್ನ ಕಸ ಸುರಿಯುತ್ತಿದ್ದ ಜಾಗಕ್ಕೆ ಕಮಾನು ಕಟ್ಟಿ, ಸೈಟು ಅಂತ ಮಾರಿದ್ದರು. ಕಮಾನು ಅರಮನೆಗೆ ಸಾಲುವಷ್ಟು ದೊಡ್ಡದು. ಅದರಾಚೆ ರಸ್ತೆಯೇ ಇಲ್ಲ. ಚರಂಡಿಗೆ ಆರಂಭವಿತ್ತು, ಕೊನೆ ಇರಲಿಲ್ಲ. ಇಲ್ಲಿಗೂ ಜನ ಮುಗಿಬಿದ್ದು ಬಂದು, ಕಾಂಪೌಂಡಿನ ಮೇಲೆ ಗಾಜಿನ ಚೂರು ನೆಟ್ಟುಕೊಂಡು, ಪಕ್ಕದ ಮನೆಯವನ ಮುಖ ನೋಡದೆ ಬದುಕಿದ್ದರು. ಬಾವಿಕಟ್ಟೆಯ ಮೇಲೆ ಮಾತ್ರ ಎಲ್ಲರ ಕೊಡಗಳೂ ಸಾಲಾಗಿ ಕೂತಿದ್ದವು. ಇನ್‌ಸ್ಪೆಕ್ಟರಮ್ಮನಿಗೆ ಈ ಊರು ಕಂಡರೇ ಅಸಹ್ಯ.

ದಫೇದಾರ ಒಂದು ಚಪ್ಪಲಿ ಎತ್ತಿ ಹಿಡಿದ. "ಅಳಿಯಂದು ಮೇಡಂ. ಬಾವಿ ಜಾಗ ಮಾರು ಅಂತ ನಿನ್ನೆ ಸಂಜೆ ಮಾವನ ಜೊತೆ ಜಗಳ ಆಡಿದ್ನಂತೆ."

"ಆಡಿದ್ದು ನಿಜ," ಅಂದ ಪಕ್ಕದಲ್ಲೇ ನಿಂತಿದ್ದ ಅಳಿಯ. "ಹೋಗೋವಾಗ ಚಪ್ಪಲಿ ಉಂಗುಷ್ಠ ಕಿತ್ತೋಯ್ತು. ಇಲ್ಲೇ ಬಿಸಾಕಿ ಹೋದೆ."

"ಇವರನ್ನ ಕರ್ಕೊಂಡು ಹೋಗ್ಬೇಡಿ ಮೇಡಂ," ಮಗಳು ಅಡ್ಡ ಬಂದಳು. "ಅಪ್ಪ ಹೋದ್ರು. ಇವರೂ ಜೈಲಿಗೆ ಹೋದ್ರೆ ನಾನು, ಮಗು ಬೀದಿಪಾಲು. ಬಾವಿ ಆ ಕಮಾನು ಸಾಹುಕಾರನ ಪಾಲು."

* * *

ಬಡಾವಣೆಯ ಒಡೆಯನಿಗೆ ಕಮಾನು ಸಾಹುಕಾರ ಅಂತಲೇ ಹೆಸರು. ಆಫೀಸಿನಲ್ಲಿ ಕೋಟು ತೊಟ್ಟು ಕೂತಿದ್ದ.

"ಅಳಿಯನದೇ ಕೆಲಸ ಮೇಡಂ. ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಬೆಳಗ್ಗೆ ನೀವೆಲ್ಲಿದ್ರಿ?"

"ಇಲ್ಲೇ. ಬಾವಿ ಕಡೆ ತಲೇನೂ ಹಾಕಿಲ್ಲ."

"ಕೋಟಿನ ತೋಳು ಮೊಣಕೈವರೆಗೂ ಒದ್ದೆ."

ಸಾಹುಕಾರ ತಡವರಿಸಲಿಲ್ಲ. "ಪಾರ್ಕಿನ ನಲ್ಲೀಲಿ ಮುಖ ತೊಳ್ದೆ. ನಮ್ಮಲ್ಲಿ ಇಪ್ಪತ್ನಾಲ್ಕು ಗಂಟೆ ನೀರು ಮೇಡಂ! ನಿಮಗೂ ಒಂದು ಮೂಲೆ ಸೈಟು ನೋಡ್ಲಾ?"

ಹೆಣ ಇನ್ನೂ ಎತ್ತಿರಲಿಲ್ಲ. ಈತ ವ್ಯಾಪಾರ ಕುದುರಿಸುತ್ತಿದ್ದ. ಥೂ, ಅಂದುಕೊಂಡಳು.

"ಬನ್ನಿ, ಪಾರ್ಕು ತೋರ್ಸಿ."

* * *

ಬಾವಿಯ ಎದುರಿಗೇ ಪಾರ್ಕು. ಒಂದು ಬೆಂಚು, ಒಂದು ನಲ್ಲಿ, ಉಳಿದದ್ದೆಲ್ಲ ಮುಳ್ಳುಕಂಟಿ. ತಮಾಷೆ ನೋಡಲು ನೆರೆಹೊರೆ ಸೇರಿತ್ತು; ಮಗಳು, ಅಳಿಯನೂ ಅಲ್ಲೇ ನಿಂತಿದ್ದರು.

ಇನ್‌ಸ್ಪೆಕ್ಟರಮ್ಮ ನಲ್ಲಿ ತಿರುಗಿಸಿದಳು. ಹನಿ ನೀರಿಲ್ಲ.

"ಈಗ ತಾನೇ ನಿಂತಿರ್ಬೇಕು," ಅಂದ ಸಾಹುಕಾರ.

ಆಕೆ ನಲ್ಲಿಯನ್ನು ಹಿಡಿದು ಎಳೆದಳು. ಮೂಲಂಗಿ ಕಿತ್ತಂತೆ ಬಂತು. ಮೊಳದುದ್ದ ಪೈಪು, ಅದರ ಕೆಳಗೆ ಬರೀ ಮಣ್ಣು.

"ಕೊಳ್ಳೋರಿಗೆ ತೋರ್ಸೋಕೆ ನೆಟ್ಟ ನಲ್ಲಿ ಇದು. ಊರಿಗೆಲ್ಲ ಹೇಳಿ ಹೇಳಿ ನಿಮ್ಮ ಸುಳ್ಳನ್ನ ನೀವೇ ನಂಬಿಬಿಟ್ರಿ."

"ಅಲ್ಲ, ಆಫೀಸಲ್ಲಿ ಕ್ಯಾನ್ ನೀರು..."

"ಕ್ಯಾನ್ ನೀರಲ್ಲಿ ಪಾಚಿ ಇರುತ್ತಾ?" ಆಕೆ ಅವನ ತೋಳು ಮಗುಚಿ ತೋರಿಸಿದಳು. ಗುಂಡಿಗಳ ಸಂದಿಯಲ್ಲಿ ಹಸಿರು ಪಾಚಿ ಮೆತ್ತಿತ್ತು. "ತಲೆ ಅದುಮೋವಾಗ ತೊಟ್ಟಿ ಗೋಡೆಗೆ ತೋಳು ಉಜ್ಜಿಕೊಂಡಿದೆ. ಬಾವಿ ಸಿಕ್ಕಿದ್ರೆ ನಿಮ್ಮ ನಲ್ಲಿಗಳಿಗೆ ನೀರು ಬರ್ತಿತ್ತು. ಮುದುಕ ಕೊಡ್ಲಿಲ್ಲ. ನಿನ್ನೆ ಅಳಿಯನ ಜಗಳ ನಿಮಗೆ ಕೇಳಿಸ್ತು. ಅವನ ತಲೆಗೆ ಕಟ್ಟಬಹುದು ಅಂತ ಇವತ್ತೇ ಮುಗ್ಸಿದ್ರಿ."

"ಒಂದು ಹಾಳು ಬಾವಿಗೆ ಅಷ್ಟೊಂದು ಜಂಭ ಆ ಮುದುಕನಿಗೆ!" ಸಾಹುಕಾರ ಕಿರುಚಿದ. ದಫೇದಾರ ಕೋಳ ತೊಡಿಸಿದ. ಅಳಿಯ ಹೆಂಡತಿಯ ಕೈಯಿಂದ ತಿಂಡಿ ಡಬ್ಬಿ ತೆಗೆದುಕೊಂಡ.

ಇನ್‌ಸ್ಪೆಕ್ಟರಮ್ಮ ಜನರ ಕಡೆ ತಿರುಗಿದಳು. "ನಲ್ಲಿ ಸುಳ್ಳು ಅಂತ ನಿಮಗೆಲ್ಲ ಗೊತ್ತಿತ್ತು. ಒಬ್ರೂ ಯಾಕೆ ಹೇಳ್ಲಿಲ್ಲ?"

"ಸೈಟಿನ ರೇಟು ಬೀಳುತ್ತಲ್ಲ ಮೇಡಂ," ಅಂದ ಕೊಡ ಹಿಡಿದವನೊಬ್ಬ. "ಅದಿರ್ಲಿ, ಇವತ್ತು ನೀರು ಸೇದ್ಕೋಬಹುದಾ?"

ಆಕೆ ಕಿತ್ತ ನಲ್ಲಿಯನ್ನು ಅವನ ಮೂಗಿನ ಮುಂದೆ ಹಿಡಿದಳು. "ದುಡ್ಡು ಕೊಟ್ಟಿದ್ದು ಇದಕ್ಕಲ್ವಾ? ತಿರುಗ್ಸಿ, ಬರುತ್ತೆ."

ಮಗಳು ಕಣ್ಣೊರೆಸಿಕೊಂಡಳು. "ಇವತ್ತು ಬೇಡ ಅಣ್ಣಾ, ನಾಳೆ ಬನ್ನಿ. ಅಪ್ಪ ಯಾರಿಗೂ ಇಲ್ಲ ಅಂದಿಲ್ಲ. ನಾನೂ ಅನ್ನಲ್ಲ."

ಅವನು ತಲೆ ತಗ್ಗಿಸಲಿಲ್ಲ. "ನಾಳೆ ಎಷ್ಟು ಹೊತ್ತಿಗಮ್ಮ?" ಅಂದ.