ತಮ್ಮ ಮುಟ್ಟಿದರೆ ಹೊರಡುವ ಗಾಡಿ

ಸೇತುವೆ ದಾಟಿದ ಕೂಡಲೇ, ಸರಿಯಾಗಿ ನಮ್ಮ ಗ್ಯಾರೇಜಿನ ಮುಂದೆ, ಪಿಕಪ್ ಕೆಮ್ಮಿತು. ಎರಡು ಸಲ ಗಕ್ ಗಕ್ ಎಂದಿತು. ಸತ್ತಿತು.

ಬಾಗಿಲು ತೆರೆದು ಇಳಿದವಳು ಜೇನಕ್ಕ. ಜೇನು ಸಾಕಿ ಬದುಕುವ ಹೆಂಗಸು. ನೂರು ಹುಳು ಕಚ್ಚಿದರೂ ಕಣ್ಣು ಮಿಟುಕಿಸದವಳು, ಆ ಮಧ್ಯಾಹ್ನ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಒಂಬತ್ತು ದಿನದಲ್ಲಿ ಆರು ಸಲ! ನನ್ನ ತಮ್ಮ ಕೊಡಿಸಿದ ಗಾಡಿ ಇದು. ಒಡಹುಟ್ಟಿದವಳಿಗೇ ಟೋಪಿ ಹಾಕಿದ!"

"ಅಳೋದು ಆಮೇಲೆ. ಗಾಡಿ ಯಾವಾಗ ಬೇಕು?" ಎಂದು ಕೇಳಿದವಳು ನನ್ನ ಹೆಂಡತಿ.

"ನಾಳೆ ಬೆಳಕು ಹರಿಯೋ ಹೊತ್ತಿಗೆ. ನಲವತ್ತು ಪೆಟ್ಟಿಗೆ ಜೇನು, ಸೂರ್ಯಕಾಂತಿ ಹೊಲಕ್ಕೆ ಮೂವತ್ತು ಕಿಲೋಮೀಟರ್. ಬಾಯಿ ಮುಚ್ಚಿದ ಪೆಟ್ಟಿಗೆ ಬಿಸಿಲಲ್ಲಿ ನಿಂತರೆ ಒಳಗೆ ಜೇನುಹುಟ್ಟೇ ಕರಗುತ್ತೆ, ಹುಳು ಬೆಂದು ಹೋಗುತ್ತವೆ. ನಡುದಾರೀಲಿ ಇದು ಕೈಕೊಟ್ಟರೆ?"

"ಬೇರೆ ಗಾಡಿ?"

"ಹುಳು ಅಂದ ಕೂಡಲೇ ಎಲ್ಲರೂ ಓಟ ಕೀಳ್ತಾರೆ."

ನಾನು ದರ್ಜಿ. ನನ್ನ ಅಂಗಡಿಗೂ ನನ್ನ ಹೆಂಡತಿಯ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ಜನ ಅವಳನ್ನು ಸ್ಪ್ಯಾನರಕ್ಕ ಎನ್ನುತ್ತಾರೆ. ನನ್ನನ್ನು ಸ್ಪ್ಯಾನರಕ್ಕನ ಗಂಡ ಎನ್ನುತ್ತಾರೆ. ಬೇಸರವೇನಿಲ್ಲ. ದೇವರು ಕೆಲವರ ಕೈಗೆ ಸೂಜಿ ಕೊಡುತ್ತಾನೆ, ಕೆಲವರ ಕೈಗೆ ಸ್ಪ್ಯಾನರ್. ಒಂದೇ ಮನೆಗೆ ಎರಡನ್ನೂ ಕೊಟ್ಟನಲ್ಲ, ಇನ್ನೇನು ಬೇಕು?

ಗಾಡಿಯನ್ನು ತಳ್ಳಿ ನೆರಳಿಗೆ ತಂದೆವು. ನನ್ನವಳು ಬಾನೆಟ್ ಎತ್ತಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಯಾರ್ಯಾರು ನೋಡಿದ್ರು ಇದನ್ನ?"

"ಮೂವರು. ಒಬ್ಬ ಫಿಲ್ಟರ್ ಅಂದ, ಬದಲಾಯಿಸಿದ. ಒಬ್ಬ ಪಂಪ್ ಅಂದ, ಬದಲಾಯಿಸಿದ. ಮೂರನೆಯವನು ನನ್ನ ಗ್ರಹಚಾರ ಅಂದ."

"ಅದನ್ನ ಬದಲಾಯಿಸಲಿಲ್ವಾ?" ಎಂದೆ ನಾನು.

"ರೀ, ಸುಮ್ನಿರಿ," ಎಂದಳು ನನ್ನವಳು. "ನಿಂತ ಮೇಲೆ ಮತ್ತೆ ಯಾವಾಗ ಹೊರಡುತ್ತೆ?"

"ಒಂದು ಗಂಟೆ ಬಿಟ್ಟರೆ ತಾನಾಗೇ. ಇಲ್ಲಾಂದ್ರೆ ಅವನು ಬರಬೇಕು."

"ಯಾರು, ತಮ್ಮನಾ?"

"ಅವನೇ! ನನ್ನ ಸಂಶಯ ಇರೋದೇ ಅಲ್ಲಿ. ಮೂರು ಸಲ ಬಂದ. ಮೂರು ಸಲವೂ ಎರಡೇ ನಿಮಿಷಕ್ಕೆ ಹೊರಡಿಸಿದ. ಯಾರ ಕೈಲೂ ಆಗದ್ದು ಅವನ ಕೈಲಿ ಮಾತ್ರ ಹೇಗಾಗುತ್ತೆ? ಬೀಗದ ಗುಟ್ಟು ಕಳ್ಳನಿಗೇ ತಾನೆ ಗೊತ್ತಿರೋದು?"

ನ್ಯಾಯವಾದ ಪ್ರಶ್ನೆ. ಕಂಡಿರದ ಆ ತಮ್ಮನಿಗೆ ನಾನಾಗಲೇ ಮನಸ್ಸಿನಲ್ಲಿ ಬೇಡಿ ತೊಡಿಸಿದ್ದೆ.

ಅಷ್ಟರಲ್ಲಿ ಗಾಡಿಯೊಳಗಿಂದ ಒಂದು ಕೈ ಹೊರಬಂತು. ಜೇನಕ್ಕನ ಅಪ್ಪ. ಎಂಬತ್ತರ ಮುದುಕ, ಬಾಯಲ್ಲಿ ಮೂರೇ ಹಲ್ಲು, ಮುಖದ ತುಂಬ ನಗು. ಕೈಯಲ್ಲಿ ಜೇನುತುಪ್ಪದ ಬಾಟಲಿ.

"ತಗೊಳಪ್ಪ, ಬಾಯಿ ಸಿಹಿ ಮಾಡ್ಕೊ."

ತಿರುಗಿಸಿದೆ. ಮುಚ್ಚಳ ಅಲುಗಲಿಲ್ಲ. ಮಂಡಿಯ ನಡುವೆ ಸಿಕ್ಕಿಸಿಕೊಂಡು ತಿರುಗಿಸಿದೆ. ಊಹೂಂ. ಅಂಚಿನ ಸುತ್ತ ಮೇಣ ಬಿಗಿದಿತ್ತು.

"ಬರಲ್ಲ!" ಎಂದು ಮುದುಕ ಚಪ್ಪಾಳೆ ತಟ್ಟಿದ. "ನಾನು ಮುಚ್ಚಿದ್ದಕ್ಕೆ ಇರುವೆ ಹಾಗಿರಲಿ, ಗಾಳಿಯೂ ನುಗ್ಗಲ್ಲ. ಅರವತ್ತು ವರ್ಷದ ಕೈ ಇದು!"

ನನ್ನವಳು ಪ್ರಶ್ನೆ ಮುಂದುವರಿಸಿದ್ದಳು. "ಡೀಸೆಲ್ ಎಷ್ಟಿದೆ?"

"ನಾಳೆಗೆ ಅಂತ ಬೆಳಗ್ಗೆ ಕುತ್ತಿಗೆವರೆಗೂ ತುಂಬಿಸಿದೆ. ಹನ್ನೆರಡು ಕಿಲೋಮೀಟರಿಗೆ ನಿಂತಿತು ನೋಡಿ."

"ಅರ್ಧ ಇದ್ದಾಗ?"

"ಇನ್ನೊಂದಿಷ್ಟು ಓಡಿತ್ತು... ಇಪ್ಪತ್ತು, ಇಪ್ಪತ್ತೈದು."

"ತಳ ಕಂಡಾಗ?"

ಜೇನಕ್ಕ ಹುಬ್ಬು ಗಂಟಿಕ್ಕಿದಳು. "ಅವತ್ತು... ಪೇಟೆಗೆ ಹೋಗಿ ಬಂದೆ. ನಿಲ್ಲಲೇ ಇಲ್ಲ! ಇದೇನಿದು? ಹೊಟ್ಟೆ ತುಂಬಿದ ದಿನ ಮಲಗುತ್ತೆ, ಹಸಿದ ದಿನ ಓಡುತ್ತೆ?"

"ನಮ್ಮ ಯಜಮಾನರ ಹಾಗೇ," ಎಂದಳು ನನ್ನವಳು. ಆದರೆ ಅವಳ ಕಣ್ಣು ನಗುತ್ತಿರಲಿಲ್ಲ. ಏನೋ ಲೆಕ್ಕ ಹಾಕುತ್ತಿತ್ತು.

ಆಗಲೇ ಬೈಕು ಬಂದು ನಿಂತಿತು. ಇಳಿದವನು ತೆಳ್ಳಗಿನ ಮನುಷ್ಯ, ಏದುಸಿರು, ಕೈಯಲ್ಲೊಂದು ಕಡ್ಡಿ. ತಮ್ಮ! ಮುದುಕ ಫೋನ್ ಮಾಡಿ ಕರೆಸಿದ್ದನಂತೆ. ಯಾರನ್ನೂ ಮಾತಾಡಿಸದೆ ನೇರ ಡೀಸೆಲ್ ಟ್ಯಾಂಕಿನ ಹತ್ತಿರ ಹೋದ.

"ನಿಲ್ಲಪ್ಪಾ! ಮುಟ್ಟಬೇಡ!" ಎಂದಳು ನನ್ನವಳು.

ಅವನ ಕೈ ಅಲ್ಲೇ ನಿಂತಿತು.

"ಮೊದಲು ಅಲ್ಲಿಗೇ ಯಾಕೆ ಹೋದೆ?"

"ಹಳೇ ಗಾಡೀಲಿ ಡೀಸೆಲ್ ತೋರಿಸೋ ಮುಳ್ಳನ್ನ ನಂಬಕ್ಕಾಗಲ್ಲಕ್ಕ. ನಾನು ಯಾವಾಗಲೂ ಮುಚ್ಚಳ ತೆಗೆದು ಕಡ್ಡಿ ಹಾಕಿ ನೋಡ್ತೀನಿ."

"ಆಮೇಲೆ?"

"ಕೀ ತಿರುಗಿಸ್ತೀನಿ. ಹೊರಡುತ್ತೆ."

"ಇನ್ನೇನೂ ಮಾಡಲ್ವಾ? ನಿಜ ಹೇಳು."

"ಒಂದು ಸಲ ದೇವರಿಗೆ ಕೈ ಮುಗೀತೀನಿ."

"ಸುಳ್ಳು ಬೊಗಳಬೇಡ ಅಂತ ಅವನಿಗೆ ಹೇಳಿ!" ಎಂದಳು ಜೇನಕ್ಕ, ನನ್ನ ಕಡೆ ತಿರುಗಿ. ತಮ್ಮ ನಿಂತದ್ದು ಎರಡು ಮಾರು ದೂರದಲ್ಲಿ. ಒಂಬತ್ತು ದಿನದಿಂದ ಅವನ ಜೊತೆ ಅವಳು ಮಾತು ಬಿಟ್ಟಿದ್ದಳಂತೆ.

ತಮ್ಮ ತಲೆ ತಗ್ಗಿಸಿದ. ಕಡ್ಡಿಯನ್ನು ಬೆನ್ನ ಹಿಂದೆ ಅಡಗಿಸಿದ.

"ಈಗ ಎಲ್ಲರೂ ಬಾಯಿ ಮುಚ್ಚಿ. ಕಿವಿ ಮಾತ್ರ ತೆರೆದಿಡಿ," ಎಂದಳು ಸ್ಪ್ಯಾನರಕ್ಕ.

ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದಳು. ಮೆಲ್ಲಗೆ, ಬಹಳ ಮೆಲ್ಲಗೆ ತಿರುಗಿಸಿದಳು.

ಹುಸ್ಸ್ಸ್...

ನೀರಲ್ಲಿ ಮುಳುಗಿದವನು ಮೇಲೆದ್ದು ಎಳೆದುಕೊಳ್ಳುವ ಮೊದಲ ಉಸಿರು!

"ಜೇನಕ್ಕ, ಕೀ ತಿರುಗಿಸಿ."

ಒಂದೇ ಸಲಕ್ಕೆ ಎಂಜಿನ್ ಗುಡುಗಿತು. ಜೇನಕ್ಕ ಸ್ಟಿಯರಿಂಗ್ ಹಿಡಿದು ಬಾಯಿ ತೆರೆದು ಕೂತಳು.

"ನಿಮ್ಮ ತಮ್ಮ ಗಾಡಿ ಕೆಡಿಸಿದವನಲ್ಲ," ಎಂದಳು ನನ್ನವಳು. "ತನಗೇ ಗೊತ್ತಿಲ್ಲದೆ ಮೂರು ಸಲ ಅದರ ಜೀವ ಉಳಿಸಿದವನು."

"ಹೇಗೆ?"

"ಡೀಸೆಲ್ ಇಳಿದಷ್ಟೂ ಆ ಜಾಗಕ್ಕೆ ಹೊರಗಿಂದ ಗಾಳಿ ಬರಬೇಕು. ಬರದಿದ್ದರೆ ಪಂಪ್ ಎಷ್ಟು ಎಳೆದರೂ ಟ್ಯಾಂಕ್ ಬಿಡಲ್ಲ, ಹಟ ಹಿಡಿಯುತ್ತೆ. ತುಂಬಿದ ಟ್ಯಾಂಕಲ್ಲಿ ಗಾಳಿ ಕಮ್ಮಿ, ಬೇಗ ಉಸಿರು ಕಟ್ಟುತ್ತೆ. ಖಾಲಿ ಟ್ಯಾಂಕಲ್ಲಿ ಒಳಗೇ ಬೇಕಾದಷ್ಟು ಗಾಳಿ. ಒಂದು ಗಂಟೆ ನಿಂತರೆ ಸಂದೀಲಿ ಎಳ್ಳಷ್ಟು ಗಾಳಿ ನುಸುಳುತ್ತೆ, ಅದಕ್ಕೇ ತಾನಾಗೇ ಹೊರಡುತ್ತೆ. ಆ ಮೂವರೂ ಎಲ್ಲಿ ನಿಂತಿತು ಅಂತ ಕೇಳಿದ್ರು. ಎಷ್ಟು ಡೀಸೆಲ್ ಇದ್ದಾಗ ನಿಂತಿತು ಅಂತ ಯಾರೂ ಕೇಳಲಿಲ್ಲ. ಗಾಳಿ ಬರಲಿ ಅಂತಲೇ ಈ ಮುಚ್ಚಳಕ್ಕೊಂದು ಸಣ್ಣ ತೂತು ಇರುತ್ತೆ. ಎಲ್ಲಿದೆ ಅದು? ರೀ, ಸೂಜಿ!"

ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ಕೊಟ್ಟೆ. ಮುಚ್ಚಳದ ಮೇಲೆ ಕೆದಕಿದಳು. ಹಳದಿ ಚೂರೊಂದು ಎದ್ದು ಬಂತು. ಅದನ್ನು ನನ್ನ ಮೂಗಿಗೆ ಹಿಡಿದಳು.

ಜೇನುಮೇಣ.

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಮುದುಕ ಎಲ್ಲರಿಗಿಂತ ಮೊದಲೇ ನಗುತ್ತಿದ್ದ.

"ಹೌದು, ನಾನೇ ಮೆತ್ತಿದ್ದು! ಗಾಡಿ ಬಂದ ದಿನವೇ ಕಣ್ಣಿಗೆ ಬಿತ್ತು. ಪಾಪ, ಇವನು ನೋಡದೆ ತೂತು ಮುಚ್ಚಳದ ಗಾಡಿ ತಂದಿದ್ದ. ಅದಕ್ಕೋಸ್ಕರ ಅಕ್ಕ-ತಮ್ಮ ಜಗಳ ಆಡೋದು ಬೇಡ ಅಂತ ಯಾರಿಗೂ ಹೇಳದೆ ಮುಚ್ಚಿಬಿಟ್ಟೆ. ಒಳಗಿನ ರಬ್ಬರಿಗೂ ಒಂದು ಸುತ್ತು ಸವರಿದ್ದೀನಿ. ಹೇಗಿದೆ ಕೆಲಸ?"

"ಬಹಳ ಚೆನ್ನಾಗಿದೆ ತಾತ," ಎಂದಳು ಸ್ಪ್ಯಾನರಕ್ಕ. "ಅದೇ ತೊಂದರೆ!"

ಮೊದಲು ತಮ್ಮ ನಕ್ಕ. ಆಮೇಲೆ ನಾನು. ಜೇನಕ್ಕ ಸ್ಟಿಯರಿಂಗ್ ಮೇಲೆ ಹಣೆ ಇಟ್ಟು ನಕ್ಕಳು, ನಗುತ್ತಲೇ ಅತ್ತಳು. ತಮ್ಮನ ಕಡೆ ಮಾತ್ರ ನೋಡಲಿಲ್ಲ. ಕೋಪದಿಂದಲ್ಲ. ನಾಚಿಕೆಯಿಂದ.

ಮರುದಿನ ಬೆಳಕು ಹರಿಯುವಾಗ ಜೇನಕ್ಕನ ಮನೆಯಿಂದ ಪಿಕಪ್ ಹೊರಟಿತು. ತುಂಬಿದ ಟ್ಯಾಂಕು, ತೂತಿನ ಮುಚ್ಚಳ, ಗುಂಯ್‌ಗುಡುವ ನಲವತ್ತು ಪೆಟ್ಟಿಗೆ. ಕೀಲಿಯನ್ನು ಜೇನಕ್ಕ ಮಾತಿಲ್ಲದೆ ತಮ್ಮನ ಅಂಗೈಯಲ್ಲಿಟ್ಟಿದ್ದಳು. ನನ್ನವಳೂ ನಾನೂ ಬೈಕಿನಲ್ಲಿ ಹಿಂದೆ. ಓಡಿಸಿದ್ದು ಅವಳು, ದೇವರನ್ನು ನೆನೆದದ್ದು ನಾನು.

ಹನ್ನೆರಡನೇ ಕಿಲೋಮೀಟರ್. ಸೇತುವೆ. ನಾನು ಉಸಿರು ಹಿಡಿದೆ. ಗಾಡಿ ಹಿಡಿಯಲಿಲ್ಲ, ದಾಟಿತು! ಇಪ್ಪತ್ತು ದಾಟಿತು. ಇಪ್ಪತ್ತೈದು ದಾಟಿತು. ದಿನ್ನೆ ಹತ್ತಿ ಇಳಿದರೆ, ಕಣ್ಣು ಹಾಯುವಷ್ಟೂ ಹಳದಿ.

ಮೊದಲ ಪೆಟ್ಟಿಗೆಯನ್ನು ಹೊಲದಂಚಿಗೆ ಇಳಿಸಿ ಬಾಗಿಲು ತೆಗೆದಾಗ ಒಂದೇ ಒಂದು ಹುಳು ಹೊರಬಂತು. ಹೊಸಿಲಲ್ಲಿ ನಿಂತು ಯೋಚಿಸಿತು. ಹಾರಿತು. ಅದರ ಹಿಂದೆ ಹತ್ತು, ನೂರು, ಸಾವಿರ. ಬೆಳಗಿನ ಬಿಸಿಲೇ ರೆಕ್ಕೆ ಕಟ್ಟಿಕೊಂಡು ಹೊರಟ ಹಾಗೆ. ಆ ಗುಂಯ್‌ಗುಟ್ಟುವ ದನಿಯಂಥ ಪ್ರಾರ್ಥನೆಯನ್ನು ನಾನು ಯಾವ ಗುಡಿಯಲ್ಲೂ ಕೇಳಿರಲಿಲ್ಲ.

ತಮ್ಮ ದೂರದಲ್ಲಿ ನಮ್ಮ ಬೈಕಿಗೆ ಒರಗಿ ನಿಂತಿದ್ದ. ಕರೆಯದೆ ಹತ್ತಿರ ಬರುವ ಧೈರ್ಯ ಅವನಿಗಿರಲಿಲ್ಲ.

ಜೇನಕ್ಕ ಎರಡನೇ ಪೆಟ್ಟಿಗೆಗೆ ಕೈ ಹಾಕಿದಳು. ಒಂದು ಬದಿ ಎತ್ತಿದಳು. ಹಾಗೇ ನಿಂತಳು.

"ಏನೋ, ಕಂಬದ ಹಾಗೆ ನಿಂತಿದ್ದೀಯ? ಆ ಕಡೆ ಹಿಡ್ಕೊ ಬಾ. ಕೈ ಜೋಪಾನ."

ತಮ್ಮ ಓಡಿದ. ಹೋಗುವಾಗಲೇ ಹುಳುವೊಂದು ಅವನ ಕಿವಿಗೆ ಕಚ್ಚಿತು. ಅವನಿಗದು ಗೊತ್ತೇ ಆಗಲಿಲ್ಲ.